ಒಂದೇ ಸಂಪಿನವರು

ನಮ್ಮಪ್ಪನ ಕಾಲಕ್ಕೆ ಚೆನ್ನೈನ ಕೋಡಂಬಾಕ್ಕಂ ಎಂದರೆ ಸ್ಟುಡಿಯೋ. ರಾಜ್‌ಕುಮಾರ್, ನರಸಿಂಹರಾಜು ಬಣ್ಣ ಹಚ್ಚಿದ ಜಾಗ. ನನ್ನ ಕಾಲಕ್ಕೆ ಅದು ಬರೀ ಕೊಡ; ತುಂಬಿತೋ ಇಲ್ಲವೋ ಎಂಬುದೊಂದೇ ಚಿಂತೆ.

ಬೆಳಗ್ಗೆ ಐದೂವರೆಗೆ ಮಹಡಿ ಮೇಲಿನ ಮಾಮಾ ಬಗ್ಗಿ ಕೇಳುತ್ತಾರೆ: "ಸಾರ್, ಮೋಟಾರ್ ಪೋಟ್ಟೀಂಗಳಾ?" ಹಾಕಿರುತ್ತೇನೆ. ಆದರೂ "ಇಲ್ಲೈ ಸಾರ್" ಅನ್ನುತ್ತೇನೆ. ಮೋಟಾರು ಮಾತ್ರ ನನ್ನ ಸುಳ್ಳನ್ನು ಗುರ್ರೆಂದು ಬೀದಿಗೆಲ್ಲ ಸಾರುತ್ತಿರುತ್ತದೆ. ಕೆಳಗೆ ಸಂಪು ಒಂದೇ, ಮೇಲೆ ಟ್ಯಾಂಕು ಎರಡು. ಜಗಳಕ್ಕೆ ಇನ್ನೇನು ಬೇಕು?

ಇಂಗ್ಲಿಷ್ ಎಂ.ಎ. ಓದುವ ಮಗಳು ಒಂದು ದಿನ, "ಅಪ್ಪಾ, ನೀನೂ ಮಾಮಾನೂ ಕೊರೈವಲ್ಸ್ ಕಣಪ್ಪ" ಅಂದಳು. ನನಗೆ ಬೋರ್‌ವೆಲ್ ಎಂದು ಕೇಳಿಸಿತು. "ಅದು 2019ರ ಬೇಸಿಗೇಲೇ ಬತ್ತಿಹೋಯ್ತಲ್ಲ" ಅಂದೆ.

ಹಣೆ ಚಚ್ಚಿಕೊಂಡು ಬಿಡಿಸಿ ಹೇಳಿದಳು. ಲ್ಯಾಟಿನ್ನಿನಲ್ಲಿ ರಿವುಸ್ ಎಂದರೆ ತೊರೆ. ಒಂದೇ ತೊರೆಯ ನೀರು ಹಂಚಿಕೊಳ್ಳುವವನು ರಿವಾಲಿಸ್. ಅವನೇ ಇಂಗ್ಲಿಷಿಗೆ ಬಂದು ರೈವಲ್ ಆದ. ಅಷ್ಟು ಸಾಲದೆಂದು ಮುಂದೆ 'ಸಹ' ಸೇರಿಸಿದರೆ ಕೊರೈವಲ್. ನಾವು 'ನಡುಮಧ್ಯೆ' ಅನ್ನುವುದಿಲ್ಲವೇ, ಹಾಗೆ. 'ನಾಲ್ಕನೆಯ ಹೆನ್ರಿ' ನಾಟಕದಲ್ಲಿ ಷೇಕ್ಸ್‌ಪಿಯರ್ ಈ ಪದ ಬಳಸಿದ್ದಾನಂತೆ. 'ಹ್ಯಾಮ್ಲೆಟ್'ನಲ್ಲಂತೂ ರೈವಲ್ ಎಂದರೆ ಜೊತೆಗೆ ಪಹರೆ ಕಾಯುವ ಗೆಳೆಯ!

ನಮ್ಮಲ್ಲೇನು ಕಡಿಮೆ? ದಾಯಾದಿ ಎಂದರೆ ಆಸ್ತಿಯಲ್ಲಿ ಪಾಲು ಪಡೆಯುವವನು, ಅಷ್ಟೇ. ಮತ್ಸರ ತಾನಾಗಿ ಬಂದು ಅಂಟಿಕೊಂಡಿತು. ಸಂಸ್ಕೃತದಲ್ಲಿ ಹಗೆಯನ್ನು ಸಪತ್ನ ಅನ್ನುತ್ತಾರೆ. ಅದು ಹುಟ್ಟಿದ್ದು ಸಪತ್ನಿಯಿಂದ, ಅಂದರೆ ನಮ್ಮ ಸವತಿಯಿಂದ. ಕತ್ತಿ ಹಿರಿಯುವ ಗಂಡಸರು ಶತ್ರುವಿಗೆ ಹೆಸರು ತಂದದ್ದು ಅಡುಗೆಮನೆಯಿಂದ!

ನಾನು ಮಂಡ್ಯದವನು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತಮಿಳುನಾಡಿಗೆ ಕಾವೇರಿಯ 177.25 ಟಿಎಂಸಿ ಎಂದಾಗ ಮಾಮಾನೂ ನಾನೂ ಒಂದು ವಾರ ಮಾತು ಬಿಟ್ಟಿದ್ದೆವು. ಅಷ್ಟೊಂದು ಕೊಡಬೇಕಲ್ಲ ಎಂದು ನನಗೆ ಸಂಕಟ, 192 ಇದ್ದದ್ದು ಇಳಿಯಿತಲ್ಲ ಎಂದು ಅವರಿಗೆ. ಆದರೆ 2004ರಿಂದ ವೀರಾಣಂ ಕೆರೆಯ ನೀರು ಇನ್ನೂರು ಕಿಲೋಮೀಟರಿಗೂ ಮಿಕ್ಕಿ ಕೊಳವೆಯಲ್ಲಿ ಚೆನ್ನೈಗೆ ಬರುತ್ತಿದೆ, ಆ ಕೆರೆ ತುಂಬುವುದು ಕಾವೇರಿಯಿಂದ. ಅಂದರೆ ಕನ್ನಂಬಾಡಿ ಕಟ್ಟೆ ನೋಡಿಕೊಂಡು ಬೆಳೆದ ನಾನು ತಮಿಳುನಾಡಿನ ಪಾಲಿನ ಕಾವೇರಿಯನ್ನು ಮಾಮಾಗಿಂತ ಮೊದಲೇ ಎದ್ದು ಕದಿಯುತ್ತಿದ್ದೇನೆ.

ಮೊನ್ನೆ ಮೆಟ್ಟಿಲ ಮೇಲೆ ಕೂತು ಇದನ್ನೆಲ್ಲ, ರೋಮಿನ ತೊರೆಯಿಂದ ಹಿಡಿದು, ಮಾಮಾಗೆ ವಿವರಿಸಿದೆ. ಕಣ್ಣರಳಿಸಿ ಪೂರ್ತಿ ಕೇಳಿದರು.

"ರೊಂಬ ನಲ್ಲ ವಿಷಯಂ ಸಾರ್. ಮೊದಲ್ಲೆ ಮೋಟಾರ್ ಆಫ್ ಪಣ್ಣುಂಗ."