ಚಿಗುರೆಲೆಯೊಳಗಿನ ಕಚೇರಿ

(ದೇವರಾಜ ಮಾರುಕಟ್ಟೆ. ನೀರು ಚಿಮುಕಿಸಿದ ಮೈಸೂರು ಚಿಗುರೆಲೆಯ ಕಟ್ಟು. ಅದರ ಒಂದೆಲೆ, ಆ ಎಲೆಯ ಒಂದು ಜೀವಕೋಶ.)

ರೈಬೋಸೋಮ್: ಸಾರ್, ಪ್ರೋಟೀನ್ ಕಟ್ಟಬೇಕು. ಡಿಎನ್‌ಎ ಫೈಲು ಕೊಡಿ.

ನ್ಯೂಕ್ಲಿಯಸ್: ಮೂಲ ಕಡತ ಆಚೆ ಹೋಗಲ್ಲ ಕಣಯ್ಯ. ಆರ್‌ಎನ್‌ಎ ನಕಲು ತಗೊ.

ಗಾಲ್ಗಿ: ಕಟ್ಟಿದ್ದನ್ನ ಇಲ್ಲಿಗೆ ಕಳಿಸಿ. ವಿಳಾಸ ಅಂಟಿಸದೆ ಪೊಟ್ಟಣ ಕದಲಲ್ಲ.

ಮೈಟೊಕಾಂಡ್ರಿಯ: ಇದಕ್ಕೆಲ್ಲ ಕರೆಂಟು, ಅಂದರೆ ಎಟಿಪಿ, ಕೊಡೋನು ನಾನು. ಸಕ್ಕರೆ ಎಲ್ರೀ?

ಕ್ಲೋರೊಪ್ಲಾಸ್ಟ್: ಬಳ್ಳಿಯಿಂದ ಕಿತ್ತು ಕತ್ತಲಲ್ಲಿ ಕಟ್ಟಿಟ್ಟವ್ರೆ. ಬಿಸಿಲಿಲ್ಲ, ಅಡುಗೆಯಿಲ್ಲ. ಹಳೇ ದಾಸ್ತಾನು ಕರಗಿಸ್ಕೊ.

ಮೈಟೊಕಾಂಡ್ರಿಯ: ಕಿತ್ತ ಮೇಲೂ ಉಸಿರಾಡಿಸ್ತಿರೋನು ನಾನೇ! ನಂಗೂ ಸ್ವಂತ ಡಿಎನ್‌ಎ ಇದೆ, ಗೊತ್ತಾ?

ನ್ಯೂಕ್ಲಿಯಸ್: ನೂರು ಕೋಟಿ ವರ್ಷಕ್ಕೂ ಹಿಂದೆ ಬ್ಯಾಕ್ಟೀರಿಯಾ ಆಗಿ ಬಾಡಿಗೆಗೆ ಬಂದೋನು ನೀನು. ನಿನ್ನ ಬಹುಪಾಲು ಜೀನು ಈಗ ನನ್ನ ಬೀರುವಿನಲ್ಲಿದೆ.

ಕ್ಲೋರೊಪ್ಲಾಸ್ಟ್: ನಾನೂ ಹಂಗೇ ಬಂದೋನು ಸ್ವಾಮಿ. ಬಾಡಿಗೆ ಮಾತ್ರ ಏರಿಸಬೇಡಿ.

ರಸದಾನಿ: ಜಗಳ ಬಿಡ್ರಪ್ಪ. ನನ್ನ ನೀರಿನ ಒತ್ತಡ ಇಳಿದರೆ ಎಲೆ ಬಾಡುತ್ತೆ. ಬಾಡಿದೆಲೆ ಯಾರು ಕೊಳ್ತಾರೆ?

ನ್ಯೂಕ್ಲಿಯಸ್: ಸರಿ, ಸಭೆ ಕರೆಯೋಣ. ಅಧ್ಯಕ್ಷತೆ ನಂದೇ.

(ಅಜ್ಜಿಯೊಬ್ಬರು ಎಲೆ ಕೊಂಡು, ತೊಟ್ಟು ಮುರಿದು, ಒರೆಸಿ, ಸುಣ್ಣದ ಡಬ್ಬಿ ತೆಗೆಯುತ್ತಾರೆ.)

ಕೋಶಪೊರೆ: ಸಾರ್, ಗೇಟಿನ ಹತ್ರ ಸುಣ್ಣ ಬಂದಿದೆ. ಪಾಸು ಕೇಳಲಾ?