ಅಡ್ವಾನ್ಸ್ ವಾಪಸ್ ಕೇಳಿದರೆ ಗತಿ?

ಬೆಂಗಳೂರಿನಲ್ಲಿ ಮನೆ ಓನರ್ ಆಗಿರುವುದೂ ಒಂದು ಪದವಿಯೇ. ಗೇಟಿನ ಹತ್ತಿರ ಲುಂಗಿ ಎತ್ತಿಕಟ್ಟಿ ನಿಂತು ‘ನೀರು ನೋಡ್ಕೊಂಡು ಬಳಸ್ರಪ್ಪಾ’ ಎಂದರೆ ಮೇಲಿನ ಮನೆಯವರು ‘ಸರಿ ಅಂಕಲ್’ ಎನ್ನಲೇಬೇಕು. ಕೆಳಗಿನ ಮನೆಯಲ್ಲಿ ನನ್ನ ಮಾತಿಗೆ ‘ಸರಿ’ ಎನ್ನುವವರು ಯಾರೂ ಇಲ್ಲವಾದ್ದರಿಂದ ಈ ಪದವಿಯ ಮೇಲೆ ನನಗೆ ಮೋಹ ಜಾಸ್ತಿ. ನಿಮಗೂ ಇದ್ದೇ ಇರುತ್ತದೆ, ಸಂಕೋಚ ಬೇಡ.

ಅದಕ್ಕೂ 2020ರ ಲಾಕ್‌ಡೌನ್ ಕಲ್ಲು ಹಾಕಿತು. ಐಟಿ ಹುಡುಗರು ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಊರು ಸೇರಿದರು, ಬೀದಿ ತುಂಬಾ ‘ಟು ಲೆಟ್’ ಬೋರ್ಡು. ಆಗಲೇ ಮೇಲಿನ ಮನೆಯ ದಾವಣಗೆರೆ ಹುಡುಗನ ವಾಟ್ಸಾಪ್ ಬಂತು: ‘ಅಂಕಲ್, ಸ್ವಲ್ಪ ಮಾತಾಡೋದಿತ್ತು.’ 18,000 ಬಾಡಿಗೆಯನ್ನು 15,000ಕ್ಕೆ ಇಳಿಸಬೇಕಂತೆ.

ಬೀರುವಿನಿಂದ ಅಗ್ರಿಮೆಂಟ್ ತೆಗೆದೆ. ಹನ್ನೊಂದು ತಿಂಗಳದ್ದು. ವರ್ಷ ದಾಟಿಸಿದರೆ ರಿಜಿಸ್ಟರ್ ಮಾಡಿಸಬೇಕಲ್ಲ, ಅದಕ್ಕೇ ನಾವೆಲ್ಲ ಹನ್ನೊಂದಕ್ಕೆ ನಿಲ್ಲಿಸುವ ಜಾಣರು. ಅದರಲ್ಲಿ ಶೇ 5 ಏರಿಸುವ ಷರತ್ತಿತ್ತು. ಇಳಿಸುವ ಬಗ್ಗೆ ಚಕಾರವಿಲ್ಲ. ಧೈರ್ಯ ಬಂತು. ಕಾನೂನೂ ಜೊತೆಗಿರಲಿ ಎಂದು 1999ರ ಕರ್ನಾಟಕ ಬಾಡಿಗೆ ಕಾಯ್ದೆ ತಡಕಿದರೆ, ಬೆಂಗಳೂರಿನಲ್ಲಿ ತಿಂಗಳಿಗೆ 3,500 ದಾಟಿದ ಮನೆಗಳ ಉಸಾಬರಿಯೇ ಅದಕ್ಕೆ ಬೇಡ! ಇನ್ನು ನಾನುಂಟು, ಹುಡುಗ ಉಂಟು.

‘ಇಳಿಸೋ ಮಾತೇ ಇಲ್ಲ’ ಎಂದು ಕನ್ನಡಿ ಮುಂದೆ ಅಭ್ಯಾಸ ಮಾಡುತ್ತಿದ್ದಾಗ ಹೆಂಡತಿ ಕೇಳಿದಳು: ‘ಖಾಲಿ ಮಾಡ್ತೀನಿ ಅಂದ್ರೆ ಅಡ್ವಾನ್ಸ್ ಎಲ್ಲಿಂದ ಕೊಡ್ತೀರಿ?’

ಎದೆ ಧಸಕ್ಕೆಂದಿತು. ಹತ್ತು ತಿಂಗಳ ಅಡ್ವಾನ್ಸು, 1,80,000. ಮಗಳ ಮದುವೆಯಲ್ಲಿ ಅದನ್ನು ಹೋಳಿಗೆ ಮಾಡಿ ಬಡಿಸಿ, ಎಲೆ ಎತ್ತಿಯೂ ಆಗಿತ್ತು. ಈ ಊರಲ್ಲಿ ಯಾವ ಓನರ್ ಹತ್ತಿರ ಅಡ್ವಾನ್ಸ್ ದುಡ್ಡು ಹಾಗೇ ಇದೆ, ಹೇಳಿ ನೋಡೋಣ?

ಅವಳು ಹಾಲಿನ ಲೆಕ್ಕದ ಕ್ಯಾಲೆಂಡರಿನ ಮೇಲೇ ಗೀಚಿದಳು. ಮೂರು ಸಾವಿರ ಇಳಿಸಿದರೆ ವರ್ಷಕ್ಕೆ 36,000 ಖೋತಾ. ಎರಡು ತಿಂಗಳು ಮನೆ ಖಾಲಿ ಬಿದ್ದರೂ ಅಷ್ಟೇ, ಮೇಲೆ ಬ್ರೋಕರ್ ಕಾಟ ಬೇರೆ. ‘ಹದಿನಾರೂವರೆ ಅನ್ನಿ. ಅದೂ ಆರು ತಿಂಗಳಿಗೆ ಮಾತ್ರ ಅಂತ ಬರೆಸ್ಕೊಳ್ಳಿ.’ ಇಷ್ಟು ವಿವೇಕದ ಮಾತನ್ನು ಯಾವ ಗಂಡ ತಾನೇ ಸಹಿಸಿಯಾನು?

ಭಾನುವಾರ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಕೂತೆ. ಹುಡುಗ ಡಬ್ಬಿ ತುಂಬಾ ಖಾರ ಮಂಡಕ್ಕಿ ಹಿಡಿದು ಬಂದ. ‘ನೋಡಪ್ಪಾ, ಮನೇನ ಅರಮನೆ ಥರ ಇಟ್ಟಿದೀವಿ’ ಎನ್ನುವಷ್ಟರಲ್ಲಿ ಮೇಲಿನಿಂದ ಒಂದು ಹನಿ ಅಗ್ರಿಮೆಂಟಿನ ಮೇಲೆ, ನೇರ ನನ್ನ ಸಹಿಯ ಮೇಲೇ, ತೊಟ್ಟಿಕ್ಕಿತು. ಅವರ ಬಾತ್‌ರೂಮಿನ ಸೋರಿಕೆ. ಯುಗಾದಿಯಿಂದಲೂ ಹೇಳುತ್ತಿದ್ದ ಹುಡುಗ ಈಗ ಪಾಪ, ತಲೆ ಎತ್ತಿ ಒಂದು ಸಲ ನೋಡಿದ, ಅಷ್ಟೆ.

ಮಾತು ಮರೆಸಲು ಮಂಡಕ್ಕಿಗೆ ಕೈ ಹಾಕಿದೆ. ಹಸಿಮೆಣಸಿನಕಾಯಿ ನೆತ್ತಿಗೇರಿತು. ಕೆಮ್ಮು. ಆ ಕಾಲದಲ್ಲಿ ಕೆಮ್ಮುವುದೆಂದರೆ! ಅವನು ಮಾಸ್ಕ್ ಏರಿಸಿ ಹೊಸ್ತಿಲಾಚೆ ಹಾರಿದ. ನನಗೆ ಸ್ವರವೇ ಇಲ್ಲ, ಕಣ್ಣಲ್ಲಿ ಧಾರಾಕಾರ. ನೀರು ತಾ ಎಂದು ಹೆಂಡತಿಗೆ ಅಂಗೈ ಅಗಲಿಸಿ ತೋರಿಸಿದೆ. ಐದು ಬೆರಳು ಕಂಡ ಹುಡುಗ, ‘ಹದಿನೈದಾ ಅಂಕಲ್? ಥ್ಯಾಂಕ್ಸ್! ಅದಕ್ಯಾಕೆ ಅಳ್ತೀರಾ? ಕಷ್ಟ ಎಲ್ರಿಗೂ ಇದ್ದಿದ್ದೇ’ ಎಂದು ನನ್ನನ್ನೇ ಸಮಾಧಾನ ಮಾಡಿದ.

ನಾನು ನೀರು ಕುಡಿದು ಮುಗಿಸುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಂಡತಿ ‘ಆರು ತಿಂಗಳಿಗೆ ಮಾತ್ರ’ ಎಂದು ಬರೆಸಿಕೊಂಡು, ಬಾಡಿಗೆಯನ್ನು ಇನ್ನು ತನ್ನ ಗೂಗಲ್ ಪೇಗೇ ಹಾಕಲು ಹೇಳಿಯೂ ಆಗಿತ್ತು.

ಮರುದಿನ ಹಾಲಿನ ಬೂತಿನಲ್ಲಿ ಎದುರುಮನೆ ಓನರ್ ಹಿಡಿದರು. ‘ನೀವು ಇಳಿಸಿದ್ರಿ ಅಂತ ನಮ್ಮ ಬಾಡಿಗೆಯವರೂ ಶುರು ಹಚ್ಕೊಂಡಿದಾರೆ ಸ್ವಾಮಿ. ಸಂಜೆ ಬರ್ತಾರಂತೆ. ಏನ್ ಮಾಡ್ಲಿ?’

ಅನುಭವಸ್ಥನ ಗತ್ತಿನಲ್ಲಿ ಹೇಳಿದೆ: ‘ಏನು ತಂದ್ರೂ ತಿನ್ಬೇಡಿ.’