ಫಿಲ್ಟರಿಗಿಂತ ಮೊದಲು ಪಿನ್ನು

ಮನೆಯಲ್ಲೇ ಕಾಫಿ ಮಾಡಲು ಹೊರಟವರಿಗೆ ಮೊದಲು ಹತ್ತುವುದು ಸಾಮಾನಿನ ಹುಚ್ಚು. ಗ್ರಾಮ್ ತೂಗುವ ತಕ್ಕಡಿ, ಥರ್ಮಾಮೀಟರು, ಕೊಕ್ಕರೆ ಕತ್ತಿನ ಕೆಟಲ್ಲು! ನಮ್ಮ ಸ್ಟೀಲ್ ಫಿಲ್ಟರು ಇದ್ಯಾವುದನ್ನೂ ಕೇಳುವುದಿಲ್ಲ. ಮೇಲೆ ತೂತಿನ ಪಾತ್ರೆ, ಕೆಳಗೆ ತೂತಿಲ್ಲದ್ದು, ಪುಡಿ ಅದುಮಲು ಹಿಡಿಯಿರುವ ಬಿಲ್ಲೆ, ಮುಚ್ಚಳ. ಮುಗಿಯಿತು.

ಕಷ್ಟವೆಲ್ಲ ಕುದಿನೀರು ಸುರಿದ ಮೇಲೆ. ಡಿಕಾಕ್ಷನ್ ಇಳಿಯಲು ಹದಿನೈದಿಪ್ಪತ್ತು ನಿಮಿಷ ಬೇಕು. ಹೊಸಬರು ಎರಡನೇ ನಿಮಿಷಕ್ಕೇ ಮೇಲಿನ ಪಾತ್ರೆ ಎತ್ತಿ ಇಣುಕುತ್ತಾರೆ. ಬೆರಳು ಸುಟ್ಟಾಗ ಗೊತ್ತಾಗುತ್ತದೆ, ಇಕ್ಕಳವೂ ಕಾಫಿ ಸಲಕರಣೆಯೇ! ಬಿಲ್ಲೆಯನ್ನು ಸಿಟ್ಟಿನಿಂದ ಅದುಮಿದರಂತೂ ಹನಿಯೂ ಇಳಿಯದು. ಪುಡಿ ತೀರಾ ನುಣ್ಣಗಿದ್ದರೂ ಅದೇ ಪಾಡು. ತೂತು ಕಟ್ಟಿತೋ, ಪಿನ್ನು ಹುಡುಕಿ. ಪಿನ್ನಿಗೂ ಬಗ್ಗದಿದ್ದರೆ ಖಾಲಿ ಪಾತ್ರೆಯನ್ನು ಗ್ಯಾಸ್ ಉರಿಗೆ ಹಿಡಿಯಿರಿ, ಸಿಕ್ಕಿಕೊಂಡ ಪುಡಿ ಸುಟ್ಟು ಉದುರುತ್ತದೆ. ಇಲ್ಲೂ ಇಕ್ಕಳ.

ಚಿಕೋರಿ ಬೇಕೇ ಬೇಡವೇ ಎಂಬ ಜಗಳಕ್ಕೆ ನಾನು ಬರುವುದಿಲ್ಲ. ಸ್ವಲ್ಪ ಬೆರೆತರೆ ಡಿಕಾಕ್ಷನ್ ಗಟ್ಟಿ, ಬಣ್ಣವೂ ಗಾಢ, ಅಷ್ಟೇ ಹೇಳಬಲ್ಲೆ. ತಣಿದ ಡಿಕಾಕ್ಷನ್ನನ್ನು ಒಲೆಗಿಟ್ಟು ಕುದಿಸಬೇಡಿ, ಕಹಿಯಾಗುತ್ತದೆ. ಹಾಲು ಕುದಿಬಿಸಿ ಇದ್ದರೆ ಸಾಕು. ಅದೇ ಪುಡಿಗೆ ಮತ್ತೆ ನೀರು ಹಾಕಿ ಇಳಿಸಿದ ತೆಳು ಡಿಕಾಕ್ಷನ್ ಯಾರಿಗೆ ಎಂಬುದು ಬಂದ ನೆಂಟರು ಯಾರೆನ್ನುವುದರ ಮೇಲೆ.